ನಡುಗುಡಿಯಲ್ಲಿ ಕೂತಿದ್ದವನು

ಒಂದಾನೊಂದು ಕಾಲದಲ್ಲಿ, ಕಾವೇರಿ ಇನ್ನೂ ಎಳೆಯವಳಾಗಿದ್ದು ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ, ಕೊಣನೂರಿಗೆ ಕೆಳಗೆ ಹೊಳೆಪೇಟೆ ಎಂಬ ಪುಟ್ಟ ಪೇಟೆಯ ದಂಡೆಯ ಮೇಲೆ ಮೂವರು ಅಕ್ಕತಂಗಿಯರಿದ್ದರು. ಮೂವರಿಗೂ ಹೊಳೆಯ ಕಡೆಗೇ ಮುಖ.

ದೊಡ್ಡವಳು ಮಣ್ಣಿನ ಮೈಯವಳು, ಹುಲ್ಲಿನ ತಲೆಯವಳು. ಕಡಲಾಚೆಯಿಂದ ಬಂದ ಮೊದಲ ಪಾದ್ರಿ ತನ್ನ ಕೈಯಾರೆ ಕಟ್ಟಿದವಳು. ಅವಳನ್ನು ಹೊಳೆ ಒಂದೇ ತುತ್ತಿಗೆ ನುಂಗಿತು. ನಡುವಿನವಳಿಗೆ ಇಟ್ಟಿಗೆಯ ಮೈ. ಸುಣ್ಣ, ಬೆಲ್ಲ, ಕೋಳಿಮೊಟ್ಟೆ ಹಾಕಿ ಅರೆದ ಗಾರೆಯ ಸೀರೆ. ಅವಳನ್ನು ನುಂಗಲಾರದೆ ಹೊಳೆ ತಲೆಯ ಮೇಲಿನ ಸೂರನ್ನು ಮಾತ್ರ ಕಿತ್ತುಕೊಂಡು ಹೋಯಿತು. ಕಿರಿಯವಳು ಬುದ್ಧಿವಂತೆ. ದಿಣ್ಣೆ ಹತ್ತಿ ಕೂತಳು, ಮಂಗಳೂರು ಹೆಂಚು ಹೊದ್ದಳು, ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಬಂದ ಗಂಟೆಯನ್ನು ಕೊರಳಿಗೆ ಕಟ್ಟಿಕೊಂಡಳು.

ಊರಿನವರು ಅವರನ್ನು ಸಂತರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮುಳುಗಿದ ಗುಡಿ, ನಡುಗುಡಿ, ದಿಣ್ಣೆಗುಡಿ ಎನ್ನುತ್ತಿದ್ದರು.

ಬರೀ ಕತೆಯಾಗಿದ್ದರೆ ಇಷ್ಟು ಹೊತ್ತಿಗೆ ಬಿಳಿಯ ಕುದುರೆಯ ಮೇಲೆ ಒಬ್ಬ ರಾಜಕುಮಾರ ಬರಬೇಕಿತ್ತು. ಬಂದವನು ಅರಕಲಗೂಡಿನ ಸಬ್ ಇನ್ಸ್‌ಪೆಕ್ಟರ್ ಗೌರೀಶಂಕರ, ಚೈನು ಸಡಿಲವಾದ ಬೈಸಿಕಲ್ಲಿನ ಮೇಲೆ. ಈಗ ಅವನು ನಡುಗುಡಿಯ ಪೀಠದ ಹಿಂದೆ ಮಂಡಿಯೂರಿದ್ದ. ಎದುರಿಗೆ, ಆಗತಾನೆ ಒಡೆದ ಇಟ್ಟಿಗೆಯ ಗೂಡಿನೊಳಗೆ, ಒಬ್ಬ ಮನುಷ್ಯ ಕೂತಿದ್ದ.

ಮೂಳೆಯಾಗಿ ಕೂತಿದ್ದ.

"ನಿಮ್ಮೋರೆ ಕಣ್ ಸಾ," ಎಂದ ದಫೇದಾರ ಲಕ್ಕಣ್ಣ, ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು. "ನಮ್ಮೋರು ಸುಡ್ತೀವಿ, ಇಲ್ಲ ಮಲಗಿಸ್ತೀವಿ. ಇಂಗೆ ಗೂಡು ಕೊರ್ದು ಕೂರ್ಸೋದು ಲಿಂಗವಂತ್ರೆ. ಇಬೂತಿ ಗಟ್ಟಿನೂ ಅದೆ ನೋಡಿ, ಮಡ್ಲಲ್ಲಿ."

"ಕ್ರಿಸ್ತನ ಗುಡಿಯೊಳಗೆ ಲಿಂಗವಂತ ಯಾಕಯ್ಯ ಬಂದು ಕೂತ?"

"ಅದ್ನ ಅವ್ರೇ ಯೋಳ್ಬೇಕು ಸಾ. ಬಾಯೇನೋ ತೆಗ್ದವ್ರೆ, ಮಾತು ಬತ್ತಾ ಇಲ್ಲ."

ಗೌರೀಶಂಕರ ನಗಲಿಲ್ಲ. ಅವನು ಇಲ್ಲಿಗೆ ಹುಡುಕಿಕೊಂಡು ಬಂದದ್ದು ಬೇರೆಯವನನ್ನು.

ಹನ್ನೊಂದು ವರ್ಷದ ಹಿಂದೆ, ಸೂರು ಕೊಚ್ಚಿಹೋದ ಪ್ರವಾಹದ ಮಳೆಗಾಲದಲ್ಲೇ, ನಡುಗುಡಿಯ ಗಂಟೆ ಹೊಡೆಯುವ ಮರಿಯಣ್ಣ ಕಾಣೆಯಾಗಿದ್ದ. ಅದೇ ದಿನ ಮಾತೆಯ ವಿಗ್ರಹದ ಮೇಲಿನ ಚಿನ್ನದ ಕಿರೀಟವೂ ಕಾಣೆಯಾಗಿತ್ತು. ಆಗ ಹೊಳೆಪೇಟೆಯ ಠಾಣೆಯಲ್ಲಿ ಜಮಾದಾರರಾಗಿದ್ದವರು ಗೌರೀಶಂಕರನ ತಂದೆ, ಈಗ ಪಿಂಚಣಿ ಪಡೆದು ಮನೆಯಲ್ಲಿರುವ ದೊಡ್ಡಯ್ಯನವರೇ. ಕಿರೀಟ ಕದ್ದು ಘಟ್ಟದ ಕೆಳಗೆ ಓಡಿದ್ದಾನೆ ಎಂದು ಬರೆದು ಅವರು ಕೇಸು ಮುಚ್ಚಿದ್ದರು. ಅಂದಿನಿಂದ ಮರಿಯಣ್ಣನ ತಾಯಿ ಅಣ್ಣಮ್ಮ ಕಳ್ಳನ ತಾಯಿಯಾದಳು. ಪೂಜೆಯಲ್ಲಿ ಅವಳ ಪಕ್ಕ ಯಾರೂ ಮಂಡಿಯೂರಲಿಲ್ಲ. ಈಗ ಹಾಸಿಗೆ ಹಿಡಿದು ಬದುಕಿನ ಕೊನೆಯ ಉಸಿರುಗಳನ್ನು ಎಳೆಯುತ್ತಿದ್ದಳು. ಹೋದ ವಾರ ಅವಳ ಕೈ ಹಿಡಿದು ಗೌರೀಶಂಕರ ಮಾತು ಕೊಟ್ಟಿದ್ದ: ನಿನ್ನ ಕಣ್ಣು ತೆರೆದಿರುವಾಗಲೇ ನಿನ್ನ ಮಗನನ್ನು ತಂದು ನಿಮ್ಮವರ ಮಣ್ಣಿನಲ್ಲಿ ಮಲಗಿಸುತ್ತೇನೆ.

ಅಪ್ಪ ತಪ್ಪಿದ್ದನ್ನು ಮಗ ತಿದ್ದಬಹುದು ಎಂದು ಅವನಿಗೆ ಅನಿಸಿತ್ತು. ಅಷ್ಟೇ.

ಅವನು ಕಂದೀಲನ್ನು ಗೂಡಿನೊಳಕ್ಕೆ ಹಿಡಿದ. ಹಗಲಾದರೂ ಒಳಗೆ ಕತ್ತಲೆ. ಯುದ್ಧದ ಕಾಲದ ಸೀಮೆಎಣ್ಣೆ, ಅರ್ಧ ನೀರು. ಬತ್ತಿ ಚಟಪಟ ಎನ್ನುತ್ತಿತ್ತು.

ತುಂಬಿದ್ದ ಮಣ್ಣನ್ನು ಮುಂದಿನಿಂದ ಮಾತ್ರ ತೆಗೆದಿದ್ದರು; ಬೆನ್ನಿಗೂ ತಲೆಗೂ ಆನಿದ ಮಣ್ಣು ಹಾಗೇ ಗಟ್ಟಿಯಾಗಿ ನಿಂತಿತ್ತು. ಬಲಗಾಲು ಮಡಚಿತ್ತು. ಎಡಗಾಲು ಮಡಚಿರಲಿಲ್ಲ. ನೆಟ್ಟಗೆ ಮುಂದಕ್ಕೆ ಚಾಚಿತ್ತು. ಮಂಡಿಯ ಚಿಪ್ಪು ಕೆಳಗಿನ ಮೂಳೆಗೆ ಅಂಟಿ ಒಂದೇ ಗಂಟಾಗಿತ್ತು, ಬೇರಿಗೆ ಬೇರು ಕೂಡಿದ ಹಾಗೆ. ಗೂಡು ಚಿಕ್ಕದು. ಆ ಕಾಲಿಗೆ ಜಾಗ ಸಾಲದೆಂದು ಮುಂದಿನ ಗೋಡೆಯಲ್ಲಿ ಒಂದು ಇಟ್ಟಿಗೆಯನ್ನು ಅಚ್ಚುಕಟ್ಟಾಗಿ ತೆಗೆದು, ಹಿಮ್ಮಡಿಗೆ ತಾವು ಮಾಡಿಕೊಟ್ಟಿದ್ದರು.

"ಲಕ್ಕಣ್ಣ, ಎಡಗೈ ನೋಡು."

"ಮಡ್ಲಲ್ಲಿ ಅದೆ ಸಾ. ಬರಿಗೈ."

"ಬರಿಗೈ. ನಮ್ಮಲ್ಲಿ ಹೂಳುವಾಗ ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಅದಿಲ್ಲದೆ ಮಣ್ಣು ಮಾಡುವುದೇ ಇಲ್ಲ."

"ಯಾರಾನ ಕದ್ದಿರ್ಬೋದು."

"ಈ ಗಾರೆ ಇವತ್ತು ಬೆಳಿಗ್ಗೆ ಇಟ್ಟಿಗೆ ಕೀಳಲು ಬಂದ ಕೂಲಿಯವರ ಹಾರೆ ಬೀಳುವವರೆಗೆ ಒಡೆದಿರಲಿಲ್ಲ. ಒಳಗೆ ಇರುವೆ ಕೂಡ ಹೋಗಿಲ್ಲ." ಗೌರೀಶಂಕರ ಎದ್ದು ಮಂಡಿಯ ಧೂಳು ಕೊಡವಿದ. "ಬದುಕಿದ್ದಾಗ ಲಿಂಗ ಕಟ್ಟದವನಿಗೆ ಸತ್ತಮೇಲೆ ಲಿಂಗ ಕೊಡುವ ಹಾಗಿಲ್ಲ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟಿದ್ದಾರೆ. ಇವನು ನಮ್ಮವನಲ್ಲ ಲಕ್ಕಣ್ಣ. ಇವನನ್ನು ಹೂತವನು ನಮ್ಮವನು."

ಲಕ್ಕಣ್ಣ ಪೇಟವನ್ನು ಮತ್ತೆ ತಲೆಗೆ ಇಟ್ಟುಕೊಂಡ. ಯಾಕೋ ಮತ್ತೆ ತೆಗೆದ.

ಹೊರಗೆ ಗಲಾಟೆ ಆಗಲೇ ಶುರುವಾಗಿತ್ತು. ಕೊಣನೂರಿನಿಂದ ಬಂದ ನಾಲ್ಕಾರು ಹಿರಿಯರು ಬಿಲ್ವಪತ್ರೆಯ ಬುಟ್ಟಿ ಹಿಡಿದು ನಿಂತಿದ್ದರು. ಗುಡಿ ಕಟ್ಟುವ ಮೊದಲೇ ಇಲ್ಲಿದ್ದ ಯಾವುದೋ ಶರಣರ ಸಮಾಧಿ ಇದು, ನಮಗೆ ಬಿಟ್ಟುಕೊಡಿ, ಗದ್ದುಗೆ ಕಟ್ಟಿಸುತ್ತೇವೆ ಎಂದು ಅವರ ವಾದ. ದಿಣ್ಣೆಗುಡಿಯ ಇನ್ನಾಸಿ ಸ್ವಾಮಿಗಳು ಬಿಳಿಯ ನಿಲುವಂಗಿಯ ಅಂಚನ್ನು ಕೆಸರಿಗೆ ತಾಗದಂತೆ ಎತ್ತಿ ಹಿಡಿದು ಒಳಗೆ ಬಂದರು. ಗೂಡಿನೊಳಗೆ ಒಮ್ಮೆ ಇಣುಕಿ ಶಿಲುಬೆ ಗುರುತು ಮಾಡಿಕೊಂಡರು.

"ಕೊಟ್ಟುಬಿಡಿ ಇನ್ಸ್‌ಪೆಕ್ಟರೇ. ಅವರದು ಅವರಿಗೆ."

"ಇದು ಮರಿಯಣ್ಣ, ಸ್ವಾಮಿ."

"ಹೇಗೆ ಹೇಳುತ್ತೀರಿ?"

"ಕಾಲು."

"ಕಾಲು ಊನವಾದವನು ಲೋಕದಲ್ಲಿ ಒಬ್ಬನೇ?" ಸ್ವಾಮಿಗಳು ಕೆಟ್ಟವರಲ್ಲ, ಹೆದರಿದ್ದರು. "ಮಡಿಲಲ್ಲಿ ವಿಭೂತಿ ಇಟ್ಟುಕೊಂಡು ಗೂಡಿನಲ್ಲಿ ಕೂತವನನ್ನು ನಾನು ಮಂತ್ರಿಸಿದ ಮಣ್ಣಿನಲ್ಲಿ ಇಟ್ಟರೆ ನನ್ನ ಜನ ನನ್ನನ್ನು ಬಿಡುವುದಿಲ್ಲ. ಆ ಜನ ನಿಮ್ಮನ್ನು ಬಿಡುವುದಿಲ್ಲ. ಅದೂ ಅಲ್ಲದೆ ಮರಿಯಣ್ಣ ಮಾತೆಯ ಕಿರೀಟ ಕದ್ದವನು ಅಂತ ಇಡೀ ಊರೇ ನಂಬಿದೆ."

"ಕದ್ದು ಓಡಿದವನು ಪೀಠದ ಹಿಂದೆ ಹೇಗೆ ಸಿಕ್ಕಿದ?"

ಸ್ವಾಮಿಗಳು ಬಹಳ ಹೊತ್ತು ಸೂರಿಲ್ಲದ ಗೋಡೆಗಳ ನಡುವಿನ ಆಕಾಶ ನೋಡಿದರು. ಅಲ್ಲಿ ಮೋಡ ಕಪ್ಪಾಗಿತ್ತು. ಕೊಡಗಿನ ಕಡೆ ಮಳೆ ಹಿಡಿದು, ಹೊಳೆ ಬೆಳಗಿನಿಂದ ಕೆಂಪಗಾಗಿತ್ತು.

"ಹೂತವನು ಬರಲಿ," ಎಂದರು ಕೊನೆಗೆ. "ಯಾರನ್ನು ಹೂತೆ ಅಂತ ನನ್ನ ಗುಡಿಯ ಬಾಗಿಲಲ್ಲಿ ನಿಂತು, ಎಲ್ಲರ ಎದುರಿಗೆ ಹೇಳಲಿ. ಆವತ್ತೇ ಹೊಂಡ ತೋಡಿಸುತ್ತೇನೆ. ಅಲ್ಲಿಯವರೆಗೆ ಈ ಮನುಷ್ಯ ಯಾರ ಕಡೆಯವನೂ ಅಲ್ಲ."

ಅಣ್ಣಮ್ಮನ ಗುಡಿಸಲು ದಿಣ್ಣೆಯ ಕೆಳಗಿತ್ತು. ಒಳಗೆ ಒಂದು ಚಾಪೆ, ಒಂದು ಮಡಕೆ, ಗೋಡೆಗೆ ಒರಗಿಸಿದ ಶಿಲುಬೆ. ಅವಳು ಎಷ್ಟು ಬತ್ತಿಹೋಗಿದ್ದಳೆಂದರೆ, ಹೊದಿಕೆಯ ಕೆಳಗೆ ಯಾರೋ ಇನ್ನೊಂದು ಹೊದಿಕೆ ಮಡಚಿಟ್ಟ ಹಾಗೆ ಕಾಣುತ್ತಿತ್ತು.

"ಸಿಕ್ಕುದ್ನಾ?"

"ಸಿಕ್ಕಿದ, ಅವ್ವ. ಅವನೇ ಅಂತ ನನಗೆ ಗೊತ್ತು. ಪಾದ್ರಿಗಳಿಗೆ ಇನ್ನೂ ಗೊತ್ತಾಗಬೇಕು."

"ಎಂಗವ್ನೆ?"

ಏನು ಹೇಳುವುದು? "ಕೂತಿದ್ದಾನೆ."

ಅವಳು ಕಣ್ಣು ಬಿಟ್ಟಳು. "ಕೂತವ್ನಾ? ಅವ್ನಿಗೆ ಕೂರಕ್ಕಾಗಾಕಿಲ್ವಲ್ಲಪ್ಪ! ಗಂಟೆ ಅಗ್ಗ ಕಿತ್ತೋಗಿ ಬಿದ್ದು ಎಡಮಂಡಿ ಅಂಗೇ ಎಪ್ಪುಗಟ್ಟೋಯ್ತು. ಉಣ್ಣೋವಾಗ್ಲೂ ಕಾಲು ಚಾಚ್ಕಂಡೇ ಉಣ್ಣೋನು. ಪೂಜೇಲಿ ಎಲ್ರೂ ಮಂಡಿ ಊರುದ್ರೆ ಇವನು ಒಂಟಿ ಕೊಕ್ಕರೆ ಅಂಗೆ ನಿಂತಿರೋನು."

"ಚಾಚಿಯೇ ಕೂತಿದ್ದಾನೆ, ಅವ್ವ."

"ಅನ್ನೊಂದು ವರ್ಸ," ಎಂದಳು ಅಣ್ಣಮ್ಮ. ಅವಳ ಎದೆಯಲ್ಲಿ ಉಸಿರು ಒಣಗಿದ ಎಲೆಯ ಮೇಲೆ ನಡೆದ ಹಾಗೆ ಸದ್ದು ಮಾಡುತ್ತಿತ್ತು. "ಅನ್ನೊಂದು ವರ್ಸ ಕೂತೇ ಅವ್ನೆ ನನ್ ಮಗ. ಸೊಂಟ ಬಿದ್ದೋಗಿರ್ತದೆ. ಮಲಗಿಸ್ಬುಡಪ್ಪ. ಕಳ್ಳ ಅನ್ಲಿ, ಸುಳ್ಳ ಅನ್ಲಿ, ನಂಗೇನೂ ಬ್ಯಾಡ. ಕಾಲು ನೀಡ್ಕಂಡು ಮಲೀಕ್ಕಳ್ಳಿ ಅವ್ನು."

"ಮಲಗಿಸುತ್ತೇನೆ."

"ಬಿರ್ರನೆ ಮಾಡು. ನಾನು ಕಾಯ್ತಾ ಇವ್ನಿ."

ಹೊರಗೆ ಬಂದು ಗೌರೀಶಂಕರ ಬೈಸಿಕಲ್ಲಿನ ಹಿಡಿ ಹಿಡಿದು ಸುಮ್ಮನೆ ನಿಂತ. ಗೂಡು ಮುಚ್ಚಿದ ಗಾರೆ ಹಳೆಯದಲ್ಲ; ಪ್ರವಾಹದ ಮೇಲೆ ನಡುಗುಡಿಯ ಬಿರುಕು ಮೆತ್ತಲು ಅರೆದ ಗಾರೆ. ಸುಣ್ಣವನ್ನೂ ಬೆಲ್ಲವನ್ನೂ ಆಗ ಕೊಟ್ಟವನು ಒಬ್ಬನೇ ವ್ಯಾಪಾರಿ, ಪರಮಶಿವಯ್ಯ. ಮಾಲೆಲ್ಲ ನಡುಗುಡಿಯೊಳಗೇ ಇಡುತ್ತಿದ್ದ. ಆ ಮಳೆಗಾಲ ಕಳೆದದ್ದೇ ತಡ, ಹೊಳೆಪೇಟೆಯ ಅಂಗಡಿ ಮುಚ್ಚಿ ಹಳ್ಳಿಮೈಸೂರಿಗೆ ಹೋಗಿಬಿಟ್ಟ.

ಆ ವರ್ಷ ಹೊಳೆಪೇಟೆಯಲ್ಲಿ ಲಿಂಗವಂತರ ಮನೆ ಇದ್ದದ್ದು ಎರಡೇ. ಒಂದು ಪರಮಶಿವಯ್ಯನದು. ಇನ್ನೊಂದು ಗೌರೀಶಂಕರನದೇ. ಅವನು ಮೊದಲನೆಯದನ್ನು ಮಾತ್ರ ಎಣಿಸಿದ.

ಇದ್ದಿಲು ಗ್ಯಾಸಿನ ಬಸ್ಸು ಹಳ್ಳಿಮೈಸೂರು ಮುಟ್ಟುವ ಹೊತ್ತಿಗೆ ಇಬ್ಬರ ಮುಖವೂ ಮಸಿಯಾಗಿತ್ತು. ಏರು ಬಂದಾಗಲೆಲ್ಲ ಇಳಿದು ತಳ್ಳಿದ್ದರು.

"ಟಿಕೀಟು ಕೊಟ್ಟು ಎತ್ತಿನ ಕೆಲಸ ಮಾಡ್ದಂಗಾಯ್ತು ಸಾ," ಎಂದ ಲಕ್ಕಣ್ಣ.

ಪರಮಶಿವಯ್ಯ ಅಂಗಡಿಯ ಜಗಲಿಯ ಮೇಲೆ ಅಚ್ಚುಬೆಲ್ಲದ ಪಿಂಡಿ ಬಿಚ್ಚುತ್ತಿದ್ದ. ದಪ್ಪ ಮೈ, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಚಿಕ್ಕಂದಿನಲ್ಲಿ ಗೌರೀಶಂಕರನನ್ನು ಹೆಗಲ ಮೇಲೆ ಹೊತ್ತು ಹೊಳೆ ತೋರಿಸಿದ ಕೈಗಳು ಅವು.

"ಓಹೋ, ಶಂಕ್ರ! ಬಾಪ್ಪ ಬಾ. ಏನಯ್ಯ ಇದು, ಕಮ್ಮಾರನ ಕುಲುಮೇಲಿ ಬಿದ್ದು ಬಂದಂಗಿದ್ದೀಯ! ಲೇ ನೀಲಗಂಗಾ, ಮಜ್ಜಿಗೆ ತಾರೇ. ನಮ್ಮ ದೊಡ್ಡಯ್ಯನ ಮಗ ಬಂದವ್ನೆ."

"ಮಜ್ಜಿಗೆ ಆಮೇಲೆ ಕುಡಿಯೋಣ, ಮಾವ. ನಡುಗುಡಿಯ ಪೀಠದ ಹಿಂದಿನ ಗೂಡು ಇವತ್ತು ಒಡೆಯಿತು."

ಬೆಲ್ಲದ ಅಚ್ಚು ಪರಮಶಿವಯ್ಯನ ಕೈಯಲ್ಲೇ ನಿಂತಿತು. ಅವನು ಅದನ್ನು ನೆಲಕ್ಕಿಡಲಿಲ್ಲ, ಪಿಂಡಿಗೂ ಸೇರಿಸಲಿಲ್ಲ.

"ಯಾವ ಗೂಡು?"

"ನೀವು ಒಂದು ಇಟ್ಟಿಗೆ ತೆಗೆದ ಗೂಡು. ಕಾಲಿಗೆ ಅಂತ."

ನೀಲಗಂಗಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಿಗೆ ಬಂದವಳು, ಗಂಡನ ಮುಖ ನೋಡಿ ಅಲ್ಲೇ ನಿಂತಳು. ಪರಮಶಿವಯ್ಯ ಅವಳ ಕಡೆ ತಿರುಗದೆ, "ಒಳಗೆ ಹೋಗು" ಎಂದ. ಅವಳು ಹೋಗಲಿಲ್ಲ.

"ಆ ಕಾಲು ನೆನಪಿದೆಯೇನ್ರೀ," ಎಂದಳು ಮೆಲ್ಲಗೆ. "ನಮ್ಮ ಜಗಲಿ ಮೇಲೆ ಅಡ್ಡಡ್ಡ ಚಾಚಿ ಕೂರೋನು. ನೀರು ತರೋವಾಗ ದಾಟ್ಕೊಂಡು ಹೋಗಬೇಕಿತ್ತು ನಾನು. ಕಾಲು ಮಡಚೋ ಸೋಂಬೇರಿ ಅಂತ ಬೈಯ್ತಿದ್ದೆ. ಮಡಚಿದ್ರೆ ದೇವರು ಹೆದರ್ತಾನೆ ಅಕ್ಕ ಅನ್ನೋನು."

"ಒಳಗೆ ಹೋಗು ಅಂದೆ!"

ಬಾಗಿಲು ಮುಚ್ಚಿತು. ಗೌರೀಶಂಕರ ಪಿಂಡಿಯ ಪಕ್ಕ ಕೂತ. ಇಬ್ಬರ ನಡುವೆ ಬೆಲ್ಲದ ಮೇಲೆ ಕಣಜಗಳು ಹಾರಾಡುತ್ತಿದ್ದವು.

"ಹೊಳೆ ತುಂಬಿ ಹರೀತಿತ್ತು, ಮಾವ. ಒಂದು ಹೆಣ ಮಾಯ ಮಾಡಬೇಕಂದ್ರೆ ನಡುಗುಡಿಯ ಮೆಟ್ಟಿಲ ಮೇಲಿಂದ ನೂಕಿದ್ರೆ ಸಾಕಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ನೂಕಲಿಲ್ಲ?"

ಪರಮಶಿವಯ್ಯ ಕೈಯಲ್ಲಿದ್ದ ಅಚ್ಚನ್ನು ಪಿಂಡಿಯ ಮೇಲಿಟ್ಟ.

"ಗೂಡು ಕೊರೆದಿರಿ. ಉತ್ತರಕ್ಕೆ ಮುಖ ಮಾಡಿದಿರಿ. ವಿಭೂತಿ ಇಟ್ಟಿರಿ. ಹೆಣ ಮುಚ್ಚಿಡೋನು ಇಷ್ಟು ಮರ್ಯಾದೆ ಮಾಡ್ತಾನಾ?"

"ಮರ್ಯಾದೆ ಅಲ್ಲ ಕಣಪ್ಪ," ಎಂದ ಪರಮಶಿವಯ್ಯ. ಅವನ ದೊಡ್ಡ ದನಿ ಎಲ್ಲಿಗೋ ಹೋಗಿತ್ತು. "ನನಗೆ ಬೇರೆ ತರ ಗೊತ್ತಿಲ್ಲ. ಮಲಗಿಸೋಣ ಅಂತಲೇ ಉದ್ದಕ್ಕೆ ಗೆರೆ ಎಳೆದೆ. ಕೈ ಕೇಳಲಿಲ್ಲ. ನಮ್ಮಪ್ಪನ್ನ ಕೂರಿಸಿದ ಕೈ, ನಮ್ಮವ್ವನ್ನ ಕೂರಿಸಿದ ಕೈ. ಮನುಷ್ಯನ್ನ ಮಣ್ಣಲ್ಲಿ ಅಂಗಾತ ಹಾಕಿ ಮುಖದ ಮೇಲೆ ಮಣ್ಣೆಳೆಯೋದು... ಹೆಂಗಪ್ಪ ಎಳೀತಾರೆ? ನನ್ನ ಕೈಲಾಗಲಿಲ್ಲ."

"ವಿಭೂತಿ?"

"ನನ್ನ ಜೇಬಲ್ಲಿತ್ತು. ನೀನೇ ಹೇಳು, ಜೇಬಲ್ಲಿ ಇಟ್ಕೊಂಡು ಕೊಡದೆ ಬರೋದು ಹೆಂಗೆ?" ಅವನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. "ಲಿಂಗ ಮಾತ್ರ ಕೊಡಲಿಲ್ಲ. ಅವನ ದೇವರು ಅವನಿಗೆ ಇದ್ದ. ಅಷ್ಟು ಬುದ್ಧಿ ಉಳಿದಿತ್ತು."

"ಕೊಂದವರು ಯಾರು?"

"ನಾನಲ್ಲ. ನನ್ನನ್ನ ಕರೆದರು, ಹೋದೆ. ಹೋಗೋ ಹೊತ್ತಿಗೆ ಅವನು ಪೀಠದ ಕೆಳಗೆ ಬಿದ್ದಿದ್ದ. ಕಿವಿ ಹತ್ರ ಒಂದು ಏಟು. ಕಿರೀಟ ನಾನು ನೋಡ್ಲೇ ಇಲ್ಲ."

"ಕರೆದವರು?"

ಪರಮಶಿವಯ್ಯ ಬೀದಿಯ ಕಡೆ ನೋಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ. ಒಂದು ಹೋತ ಬೇವಿನ ಗಿಡವನ್ನು ಹಿಡಿದೆಳೆಯುತ್ತಿತ್ತು.

"ಮಾವ, ಹೆಣ ಕೂರಿಸೋದು ಒಬ್ಬನ ಕೆಲಸವಲ್ಲ. ಒಬ್ಬ ಹಿಂದಿನಿಂದ ಕತ್ತು ಹಿಡಿದಿರಬೇಕು, ಎದೆಮಟ್ಟ ಮಣ್ಣು ಬರೋವರೆಗೆ. ಆ ಗೂಡಲ್ಲಿ ಮರಿಯಣ್ಣನ ತಲೆ ಒಂದು ಕೂದಲೆಳೆಯಷ್ಟೂ ವಾಲಿಲ್ಲ. ಯಾರೋ ಬಹಳ ಹೊತ್ತು ಹಿಡಿದಿದ್ದಾರೆ. ಯಾರು?"

"ಅದನ್ನ ಕೇಳಬೇಡ."

"ಕೇಳೋದೇ ನನ್ನ ಕೆಲಸ."

"ಹಾಗಾದ್ರೆ ಕೇಳು, ನಾನು ಹೇಳಲ್ಲ. ಬೇಡಿ ಹಾಕು, ಬಡಿ, ಹಾಸನಕ್ಕೆ ಎಳ್ಕೊಂಡು ಹೋಗು. ಈ ಬಾಯಿ ಇನ್ನು ತೆಗೆಯಲ್ಲ. ಆ ಮುದುಕಿ ಕಾಯ್ತಾ ಕಾಯ್ತಾ ಹೋಗಿಬಿಡ್ತಾಳೆ." ಅವನ ಕಣ್ಣು ಒದ್ದೆಯಾಗಿತ್ತು. "ಕೇಳದೆ ಇದ್ರೆ ನಾಳೆ ಬೆಳಿಗ್ಗೆ ಪಾದ್ರಿ ಬಾಗಿಲಲ್ಲಿ ನಿಂತು, ಇವನು ಮರಿಯಣ್ಣ, ಹೂತೋನು ನಾನು ಅಂತ ಊರಿಗೇ ಕೇಳೋ ಹಾಗೆ ಹೇಳ್ತೀನಿ. ಎರಡರಲ್ಲಿ ಒಂದು ತಗೋ ಶಂಕ್ರ. ಎರಡೂ ಸಿಗಲ್ಲ."

ಲಕ್ಕಣ್ಣ ಕೆಮ್ಮಿದ. "ಸಾ, ಮೊದ್ಲು ಬಾಯಿ ಬಿಡ್ಸಾಣ. ಆಸ್ಪತ್ರೆ ಡಾಕ್ಟ್ರು ಬಂದು ಮೂಳೆ ನೋಡಿದ್ರೂ ಆಯ್ತದೆ. ಪಾದ್ರಿ ಒಪ್ಪದೆ ಎಲ್ಲಿಗ್ ಓಯ್ತಾರೆ?"

"ಡಾಕ್ಟರು ಹಾಸನದಿಂದ ಬರೋ ಹೊತ್ತಿಗೆ ಅವಳಿರಲ್ಲ," ಎಂದ ಗೌರೀಶಂಕರ. " ನಡುಗುಡಿಯೊಳಗೆ ನೀರು ಬಂದಿರುತ್ತೆ."

ಕಾನೂನು ಏನು ಹೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಕಿವಿಯಲ್ಲಿ ಇದ್ದದ್ದು ಒಣಗಿದೆಲೆಯ ಮೇಲೆ ನಡೆಯುವ ಆ ಉಸಿರು. ಜೊತೆಗೆ ಇನ್ನೊಂದು ಇತ್ತು. ಅದನ್ನು ಅವನು ತನಗೆ ತಾನೂ ಹೇಳಿಕೊಳ್ಳಲಿಲ್ಲ: ಕೇಳದೆ ಇರಲು ಒಂದು ನೆಪ ಸಿಕ್ಕಿದ್ದು ಎಲ್ಲೋ ಆಳದಲ್ಲಿ ಅವನಿಗೆ ಹಗುರವೆನಿಸಿತು.

"ಬೆಳಿಗ್ಗೆ," ಎಂದ. "ಗುಡಿಯ ಮೊದಲನೆಯ ಗಂಟೆ ಹೊಡೆದಾಗ."

"ಬರ್ತೀನಿ. ಮಜ್ಜಿಗೆ ಕುಡಿದು ಹೋಗು."

ಅವನು ಕುಡಿಯಲಿಲ್ಲ.

ಮಾರನೆಯ ದಿನ ದಿಣ್ಣೆಗುಡಿಯ ಮುಂದೆ ಹೊಳೆಪೇಟೆಯೆಲ್ಲ ಸೇರಿತ್ತು. ಬಿಲ್ವಪತ್ರೆಯ ಹಿರಿಯರು ಒಂದು ಕಡೆ, ಮುಸುಕು ಹೊದ್ದ ಹೆಂಗಸರು ಇನ್ನೊಂದು ಕಡೆ. ಪರಮಶಿವಯ್ಯ ಹೊಸ್ತಿಲ ಆಚೆಯೇ ನಿಂತ, ಒಳಗೆ ಕಾಲಿಡಲಿಲ್ಲ. ಬರಿತಲೆ, ಬರಿಗಾಲು. ಹೇಳಬೇಕಾದ್ದನ್ನು ಹೇಳಿದ. ನಾಲ್ಕೇ ಮಾತು. ಕೊನೆಯಲ್ಲಿ, "ಅವನು ಕಳ್ಳನೋ ಅಲ್ಲವೋ ನನಗೆ ಗೊತ್ತಿಲ್ಲ. ಓಡಿಹೋಗಲಿಲ್ಲ. ಅದು ಮಾತ್ರ ಗೊತ್ತು" ಎಂದ.

ಯಾರೋ ಒಬ್ಬ ಕಲ್ಲೆಸೆದ. ಅದು ಪರಮಶಿವಯ್ಯನ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಅವನು ಭುಜ ಕೂಡ ಉಜ್ಜಿಕೊಳ್ಳಲಿಲ್ಲ. ಲಕ್ಕಣ್ಣ ಅವನ ಕೈಗೆ ಬೇಡಿ ಹಾಕಿ ಠಾಣೆಯ ಇಬ್ಬರು ಪೊಲೀಸರಿಗೆ ಒಪ್ಪಿಸಿದ. ಬಿಲ್ವಪತ್ರೆಯ ಹಿರಿಯರಲ್ಲಿ ಒಬ್ಬರು ಬುಟ್ಟಿಯನ್ನು ಕಂಕುಳಿಗೆ ಸೇರಿಸಿ, ಯಾರ ಮುಖವನ್ನೂ ನೋಡದೆ ಕೊಣನೂರಿನ ದಾರಿ ಹಿಡಿದರು. ಮಿಕ್ಕವರೂ ಹೊರಟರು.

ಇನ್ನಾಸಿ ಸ್ವಾಮಿಗಳು ಒಳಗೆ ಹೋಗಿ ಕರಿಯ ಉಡುಪು ತೊಟ್ಟು ಬಂದರು.

ಹಲಸಿನ ಹಲಗೆಯ ಪೆಟ್ಟಿಗೆ. ಮೂಳೆಗಳನ್ನು ಒಂದೊಂದಾಗಿ ಉದ್ದಕ್ಕೆ ಜೋಡಿಸಿದರು. ಹನ್ನೊಂದು ವರ್ಷ ಕೂತಿದ್ದವನು ಮೊದಲ ಸಲ ಉದ್ದವಾದ. ಎಡಗಾಲಿಗೆ ಏನೂ ಮಾಡಬೇಕಾಗಲಿಲ್ಲ. ಅದು ಮೊದಲಿಂದಲೂ ನೆಟ್ಟಗೇ ಇತ್ತು.

ಅಣ್ಣಮ್ಮನನ್ನು ಹಗ್ಗದ ಮಂಚದ ಮೇಲೆ ಮಲಗಿಸಿ ಹೊತ್ತು ತಂದು ಹೊಂಡದ ಪಕ್ಕ ಇಟ್ಟರು. ಸಮಾಧಿಯ ಜಾಗ ಗುಡಿಯ ಹಿಂದೆ, ಹೊಳೆಯ ಕಡೆಗೆ ಇಳಿಜಾರು. ಕೆಳಗೆ ನಡುಗುಡಿಯ ಬಾಗಿಲಿಗೆ ಕೆಂಪು ನೀರು ನಾಲಿಗೆ ಚಾಚಿತ್ತು. ಸ್ವಾಮಿಗಳು ಲ್ಯಾಟಿನ್ನಿನಲ್ಲಿ ಮಂತ್ರ ಹೇಳಿ ನೀರು ಚಿಮುಕಿಸಿದರು. ಸಾಂಬ್ರಾಣಿಯ ಹೊಗೆ ಮೇಲಕ್ಕೆ ಏಳದೆ, ತೇವದ ಗಾಳಿಗೆ ಸಿಕ್ಕಿ ನೆಲದ ಮೇಲೇ ಹರಿದಾಡಿತು. ಪೆಟ್ಟಿಗೆ ಇಳಿಯಿತು, ಕಾಲು ಗುಡಿಯ ಪೀಠದ ಕಡೆಗೆ.

ಮೂರು ಹಿಡಿ ಮಣ್ಣು ಹಾಕುವುದು ಅವರ ವಾಡಿಕೆ. ಒಡಹುಟ್ಟಿದವರು ಹಾಕಬೇಕು. ಮರಿಯಣ್ಣನಿಗೆ ಒಡಹುಟ್ಟಿದವರಿಲ್ಲ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಮುಂದೆ ಬರಲಿಲ್ಲ.

"ನೀನೇ ಆಕಪ್ಪ," ಎಂದಳು ಅಣ್ಣಮ್ಮ. "ಮಾತು ಕೊಟ್ಟೋನು ನೀನು."

ಗೌರೀಶಂಕರ ಟೋಪಿ ತೆಗೆದು ಲಕ್ಕಣ್ಣನ ಕೈಗೆ ಕೊಟ್ಟ. ಬಾಗಿ ಒಂದು ಹಿಡಿ ಹಾಕಿದ. ಇನ್ನೊಂದು ಹಿಡಿ ಹಾಕಿದ. ಹಲಗೆಯ ಮೇಲೆ ಮಣ್ಣು ಬೀಳುವ ಸದ್ದು ಟೊಳ್ಳಾಗಿ ಕೇಳಿಸಿತು. ಮೂರನೆಯ ಹಿಡಿಗೆ ಬಾಗಿದಾಗ ಮಂಚದ ಮೇಲಿನಿಂದ ಬತ್ತಿದ ಕೈಯೊಂದು ಬಂದು ಅವನ ಮಣಿಕಟ್ಟು ಹಿಡಿಯಿತು. ಅಷ್ಟು ಬಲ ಅವಳಲ್ಲಿ ಉಳಿದಿದೆಯೆಂದು ಯಾರೂ ಎಣಿಸಿರಲಿಲ್ಲ.

"ತಡಿ. ಇದ್ನ ಕೇಳಿ ಆಕು. ಅವತ್ತು ಸಂಜೆ ನನ್ ಮಗ ಮುದ್ದೆ ಮುರೀತಾ ಕೂತಿದ್ದ. ಬಾಗ್ಲಲ್ಲಿ ನಿಂತು, ಮರಿಯಣ್ಣ, ಗುಡಿ ತಾವ ಬಾ ಅಂತ ಕೂಗಿದ್ದು ನಿಮ್ಮಪ್ಪ. ಉಂಡು ಬತ್ತೀನಿ ಅಂದ ಇವನು. ಜಮಾದಾರ್ರು ಕರೀತಾವ್ರೆ, ಕೈ ತೊಳ್ಕಂಡು ಓಗ್ಲಾ ಅಂದೋಳು ನಾನೇ."

ಅವಳ ದನಿ ಬಹಳ ಸಣ್ಣದು. ಕೇಳಿಸಿದ್ದು ಅವನೊಬ್ಬನಿಗೆ, ಹಿಂದೆ ನಿಂತ ಲಕ್ಕಣ್ಣನಿಗೆ.

ಗೌರೀಶಂಕರ ಮಂಚದ ಕಡೆ ಬಾಗಿದ. "ಇದನ್ನ ಯಾಕವ್ವ ಯಾರಿಗೂ ಹೇಳಲಿಲ್ಲ?"

"ಯಾರ್ ತಾವ ಯೋಳ್ಲಿ? ದೂರು ಬರ್ಕಳ್ಳೋನೇ ಅವನು."

"ನನಗೆ? ಹೋದ ವಾರ ನನಗೆ ಹೇಳಬಹುದಿತ್ತಲ್ಲ."

"ಯೋಳಿದ್ರೆ ನೀನು ಉಡುಕ್ತಿದ್ಯಾ?"

ಹುಡುಕುತ್ತಿದ್ದೆ ಎನ್ನಲು ಅವನು ಬಾಯಿ ತೆರೆದ. ಹಳ್ಳಿಮೈಸೂರಿನ ಜಗಲಿಯ ಮೇಲೆ ತನಗೆ ಹಗುರವೆನಿಸಿದ್ದು ಕಣ್ಣೆದುರಿಗೆ ಬಂತು. ಬಾಯಿ ಮುಚ್ಚಿದ.

"ಈಗ ಗೊತ್ತಾಯ್ತಲ್ಲ," ಎಂದಳು ಅಣ್ಣಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಗೊತ್ತಿದ್ದು ಆಕು. ಗೊತ್ತಿಲ್ದೆ ಆಕಿದ್ ಮಣ್ಣು ನನ್ ಮಗನ್ಗೆ ಬ್ಯಾಡ."

ಕೈ ಸಡಿಲವಾಯಿತು. ಅವನ ಮುಷ್ಟಿಯಲ್ಲಿ ಮಣ್ಣು ತಣ್ಣಗಿತ್ತು.

"ಸಾ," ಎಂದ ಲಕ್ಕಣ್ಣ, ಹಿಂದಿನಿಂದ. ಅವನ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ. "ಗೇಟ್ ತಾವ ಕಮಾನು ಗಾಡಿ ನಿಂತದೆ. ನಿಮ್ಮಪ್ಪಾರು ಇಳೀತಾವ್ರೆ."

ಗೌರೀಶಂಕರ ತಲೆ ಎತ್ತಿದ. ಕೋಲು ಊರಿಕೊಂಡು, ಒಂದು ಕೈಯಲ್ಲಿ ಸಿಕ್ಕಿದ ಗೋರಿಗಲ್ಲು ಹಿಡಿದು, ದೊಡ್ಡಯ್ಯ ಸಮಾಧಿಗಳ ನಡುವೆ ಬರುತ್ತಿದ್ದರು. ಪೊಲೀಸರ ನಡುವೆ ನಿಂತಿದ್ದ ಪರಮಶಿವಯ್ಯ ಅವರನ್ನು ಕಂಡವನೇ ಬೇಡಿಯ ಕೈಗಳನ್ನು ಎತ್ತಿ, ಗಂಟಲು ಹರಿಯುವ ಹಾಗೆ ಕೂಗಿದ:

"ಬರಬೇಡ ದೊಡ್ಡಯ್ಯಾ! ನಿನ್ನ ಹೆಸರು ಹೇಳಿಲ್ಲ ಕಣೋ ನಾನು! ಹಿಂದಕ್ಕೆ ಹೋಗೋ!"

ಜನರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ದೊಡ್ಡಯ್ಯ ಹಿಂದಕ್ಕೆ ಹೋಗಲಿಲ್ಲ. ಕೋಲನ್ನು ಅಲ್ಲೇ ಬಿಸಾಡಿ, ಬರಿಗೈಯಲ್ಲಿ, ತೂರಾಡುತ್ತ, ಹೊಂಡದ ಕಡೆಗೇ ಹೆಜ್ಜೆ ಹಾಕಿದರು. ಅವರ ತುಟಿ ಏನನ್ನೋ ಹೇಳುತ್ತಿತ್ತು. ಗಾಳಿಗೆ ಒಂದೂ ಕೇಳಿಸಲಿಲ್ಲ.

ಇನ್ನು ಹತ್ತು ಮಾರು.

ಗೌರೀಶಂಕರ ಅಪ್ಪನ ಕಡೆಯಿಂದ ಮುಖ ತಿರುಗಿಸಿದ. ಹೊಂಡದ ಮೇಲೆ ಕೈ ಚಾಚಿದ. ಬೆರಳುಗಳು ತಾವಾಗಿ ಬಿಚ್ಚಲಿಲ್ಲ, ಬಿಚ್ಚಬೇಕಾಯಿತು, ಒಂದೊಂದಾಗಿ.

ಮೂರನೆಯ ಹಿಡಿ ಮಣ್ಣು ಬಿತ್ತು.

"ಮಲೀಕ್ಕಂಡ," ಎಂದಳು ಅಣ್ಣಮ್ಮ.